ಮೇ ತಿಂಗಳಲ್ಲಿ ಊರು ನೋಡಿ: ಬೀದರ್, ಕಲಬುರಗಿ, ಯಾದಗಿರಿ ಸೀಮೆಯಲ್ಲಿ ಸಂಸಾರಕ್ಕೊಂದು ಸಣ್ಣ ಊರು ಆರಿಸುವ ಬಗೆ

ಚಿಂಚೋಳಿ ತಾಲ್ಲೂಕಿನ ಎತ್ತಿಪೋತ ಜಲಪಾತವನ್ನು ಆಗಸ್ಟ್‌ನಲ್ಲಿ ನೋಡಿ ಬಂದವರಿಗೂ, ಗುರುಮಠಕಲ್ ಸಮೀಪದ ನಜರಾಪುರ ಜಲಪಾತದ ಎದುರು ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆದವರಿಗೂ ದೊಡ್ಡ ಊರಿನ ಗದ್ದಲ, ಬಾಡಿಗೆಗಳನ್ನು ಬಿಟ್ಟು ಇಲ್ಲೇ ಎಲ್ಲಾದರೂ ಮನೆ ಮಾಡಿಬಿಡೋಣ ಎನ್ನಿಸುವುದು ಸಹಜ. ನಮಗೂ ಹಾಗೆಯೇ ಅನ್ನಿಸಿತ್ತು. ಆದರೆ ಈ ಮೂರು ಜಿಲ್ಲೆಗಳಲ್ಲಿ ಮಳೆಯ ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ; ಶ್ರಾವಣದಲ್ಲಿ ಹಸಿರು ಹೊದ್ದು ನಿಂತ ಅದೇ ಗುಡ್ಡ ಯುಗಾದಿಯ ಹೊತ್ತಿಗೆ ಬೋಳಾಗಿರುತ್ತದೆ, ಜಲಪಾತವಿದ್ದ ಜಾಗದಲ್ಲಿ ಬಂಡೆಯ ಮೇಲೊಂದು ಕಪ್ಪು ಗೆರೆ ಮಾತ್ರ ಉಳಿದಿರುತ್ತದೆ. ಆದ್ದರಿಂದ ಊರನ್ನು ಮೆಚ್ಚುವುದಕ್ಕೆ ಯಾವಾಗ ಬೇಕಾದರೂ ಹೋಗಿ, ಆರಿಸುವುದಕ್ಕೆ ಮಾತ್ರ ಮೇ ತಿಂಗಳ ಎರಡನೆಯ ವಾರದಲ್ಲಿ ಹೋಗಿ, ಕನಿಷ್ಠ ಎರಡು ರಾತ್ರಿ ಉಳಿಯಿರಿ. ಆ ದಿನಗಳಲ್ಲಿ ಊರಿನ ನಲ್ಲಿ, ವಿದ್ಯುತ್ತು, ಆಸ್ಪತ್ರೆಯ ಸರದಿ ಸಾಲು ಯಾವುದೂ ತನ್ನ ನಿಜ ಬಣ್ಣವನ್ನು ಮುಚ್ಚಿಡಲಾರದು. ಶಾಲೆಗಳ ದಾಖಲಾತಿಯೂ ಅದೇ ಸಮಯದಲ್ಲಿ ನಡೆಯುವುದರಿಂದ ಒಂದೇ ಪ್ರಯಾಣದಲ್ಲಿ ಎರಡು ಕೆಲಸವಾಗುತ್ತದೆ.

ಬೇಳೆ ಬೇಯುವ ನೀರು

ಮೊದಲು ನೋಡಬೇಕಾದದ್ದು ನೀರು, ಉಳಿದದ್ದೆಲ್ಲ ಆಮೇಲೆ. ಇದನ್ನು ನಾವು ಕಲಿತದ್ದು ತಪ್ಪು ಮಾಡಿ. ಕಲಬುರಗಿ ಬಿಟ್ಟು ಮೊದಲು ಬಾಡಿಗೆಗೆ ಹಿಡಿದ ಮನೆ ಹೊಸ ಬಡಾವಣೆಯಲ್ಲಿತ್ತು, ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು, ಬೋರ್‌ವೆಲ್‌ನಲ್ಲಿ ಇಪ್ಪತ್ತನಾಲ್ಕು ತಾಸೂ ನೀರಿತ್ತು. ಸಾಮಾನು ಇಳಿಸಿದ ಮರುದಿನ ನಮ್ಮ ಅತ್ತೆ ತೊಗರಿ ಬೇಳೆ ಒಲೆಯ ಮೇಲಿಟ್ಟರು. ಮುಕ್ಕಾಲು ತಾಸು ಕುದಿದರೂ ಬೇಳೆ ಕಾಳು ಕಾಳಾಗಿಯೇ ಉಳಿಯಿತು. ಗೋಡೆಯಾಚೆಯ ಮನೆಯವರನ್ನು ಕೇಳಿದರೆ, ‘ಈ ನೀರಾಗ ಬ್ಯಾಳಿ ಕುದಿಯಲ್ಲರಿ ಅಮ್ಮಾ, ಸಿಹಿ ನೀರು ಬ್ಯಾರೆ ತರಬೇಕು’ ಎಂದು ಸಹಜವಾಗಿ ಹೇಳಿದರು. ಮನೆ ತೋರಿಸಿದವರು ಈ ಮಾತನ್ನು ಹೇಳಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಚಹಾ ಪಾತ್ರೆಯ ತಳದಲ್ಲಿ ಉಗುರಿನಿಂದ ಕೆರೆದರೆ ಚಕ್ಕೆಯಾಗಿ ಏಳುವಷ್ಟು ಬಿಳಿ ಪದರ ಕಟ್ಟಿತು.

ತೊಗರಿಯ ಕಣಜವೆನಿಸಿಕೊಂಡ ಸೀಮೆಯಲ್ಲಿ ಬೇಳೆಯನ್ನೇ ಬೇಯಿಸಲಾರದ ನೀರಿರುವುದಕ್ಕೆ ಕಾರಣ ನೆಲದೊಳಗಿದೆ. ಸೇಡಂ, ಚಿತ್ತಾಪುರ, ಶಹಾಬಾದ್ ಸುತ್ತ ಸುಣ್ಣದ ಕಲ್ಲಿನ ಪದರವಿದೆ. ಸಿಮೆಂಟ್ ಕಾರ್ಖಾನೆಗಳು ಬಂದದ್ದೂ, ಶಹಾಬಾದ್ ಫರಸಿ ದೇಶದ ತುಂಬ ಹೆಸರಾದದ್ದೂ ಆ ಕಲ್ಲಿನಿಂದಲೇ. ಆ ಪದರದ ಮೂಲಕ ಇಳಿದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ, ಅವು ಬೇಳೆಯ ಕಣಗಳನ್ನು ಬಿಗಿಹಿಡಿದು ಮೆತ್ತಗಾಗಲು ಬಿಡುವುದಿಲ್ಲ. ಯಾದಗಿರಿ ಜಿಲ್ಲೆಯ ಕಡೆ ಹೋದರೆ ಬಹಳಷ್ಟು ಕಡೆ ಗ್ರಾನೈಟ್ ಕಲ್ಲು. ಅಲ್ಲಿನ ಆಳವಾದ ಬೋರ್‌ವೆಲ್‌ಗಳಲ್ಲಿ ಗಮನಿಸಬೇಕಾದದ್ದು ಫ್ಲೋರೈಡ್. ಇದು ರುಚಿಗೂ ಗೊತ್ತಾಗುವುದಿಲ್ಲ, ಕರಗಿದ ಲವಣಗಳ ಒಟ್ಟು ಪ್ರಮಾಣವನ್ನಷ್ಟೇ ಅಳೆಯುವ, ಪೇಟೆಯಲ್ಲಿ ಸಿಗುವ ಟಿಡಿಎಸ್ ಮೀಟರಿಗೂ ಗೊತ್ತಾಗುವುದಿಲ್ಲ, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಯಾಗಿ ಮೂಡಿದ ಮೇಲೆಯೇ ಗೊತ್ತಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಗಡಸುತನಕ್ಕೆ ಇದೇ ಲೆಕ್ಕ 200 ಮತ್ತು 600 ಮಿಲಿಗ್ರಾಂ. ಜಿಲ್ಲಾ ಕೇಂದ್ರದಲ್ಲಿ ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಪ್ರಯೋಗಾಲಯವಿರುತ್ತದೆ. ಸ್ವಚ್ಛವಾದ ಬಾಟಲಿಯಲ್ಲಿ ಒಂದು ಲೀಟರ್ ನೀರು ತುಂಬಿಕೊಂಡು ಹೋಗಿ ಪರೀಕ್ಷೆ ಮಾಡಿಸಿ, ವರದಿ ಕೈಗೆ ಬಂದ ಮೇಲೆ ಮುಂಗಡದ ಮಾತಾಡಿ.

ವರದಿ ಬರುವ ತನಕ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ನೋಡಲು ಹೋದ ಮನೆಯ ಬೋರ್‌ವೆಲ್ ನೀರನ್ನು ಒಂದು ಬಾಟಲಿ, ಪುರಸಭೆಯ ನಲ್ಲಿ ನೀರನ್ನು ಒಂದು ಬಾಟಲಿ ತುಂಬಿಕೊಂಡು ಬನ್ನಿ. ಒಂದೇ ಅಂಗಡಿಯ ತೊಗರಿ ಬೇಳೆಯನ್ನು ಒಂದೊಂದು ಹಿಡಿಯಂತೆ ಎರಡು ಪಾತ್ರೆಗಳಿಗೆ ಹಾಕಿ, ಸೋಡಾ ಹಾಕದೆ, ಕುಕ್ಕರ್ ಬಳಸದೆ ಬೇಯಿಸಿ. ಬೆರಳುಗಳ ನಡುವೆ ಒತ್ತಿದಾಗ ಯಾವುದು ಮೊದಲು ಕರಗುತ್ತದೆಂದು ನೋಡಿ. ಫ್ಲೋರೈಡಿನ ವಿಷಯ ಇದರಿಂದ ತಿಳಿಯದು, ಗಡಸುತನದ ವಿಷಯ ಮಾತ್ರ ಖಂಡಿತ ತಿಳಿಯುತ್ತದೆ.

ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದನ್ನು ಮನೆ ಮಾಲೀಕರಿಂದಲೂ, ಏಜೆಂಟರಿಂದಲೂ ಕೇಳಿ ಪ್ರಯೋಜನವಿಲ್ಲ. ನೀರು ಬಿಡುವ ವಾಲ್‌ಮನ್ ಅವರನ್ನು ಹುಡುಕಿ ಕೇಳಿ. ಯಾವ ಓಣಿಗೆ ಎಷ್ಟು ಒತ್ತಡದಲ್ಲಿ, ಬೇಸಿಗೆಯಲ್ಲಿ ಎಂಟು ದಿನಕ್ಕೋ ನಾಲ್ಕು ದಿನಕ್ಕೋ ಎಂಬುದು ಅವರಷ್ಟು ನಿಖರವಾಗಿ ಇನ್ನಾರಿಗೂ ಗೊತ್ತಿರುವುದಿಲ್ಲ. ಜೊತೆಗೆ ಆ ಓಣಿಯ ಮನೆಗಳ ಮುಂದೆ ಎಷ್ಟು ನೀಲಿ ಡ್ರಮ್‌ಗಳು ಸಾಲಾಗಿ ನಿಂತಿವೆ ಎಂದು ಎಣಿಸಿ. ಮನೆಗೆ ನಾಲ್ಕು ಡ್ರಮ್ ಕಂಡರೆ ಉತ್ತರ ಅಲ್ಲೇ ಇದೆ.

ಎತ್ತರ, ಬಿಸಿಲು, ಬಂಡೆ

ಬೀದರ್ ನಗರ ಸಮುದ್ರ ಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿದೆ. ಕಲಬುರಗಿ ಸುಮಾರು 1,500 ಅಡಿ, ಯಾದಗಿರಿ ಅದಕ್ಕೂ ಕೆಳಗೆ. ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸದೇನಲ್ಲ. ಬೀದರ್ ಕಡೆಯ ವ್ಯತ್ಯಾಸ ಹಗಲಿನಲ್ಲಿ ಒಂದೆರಡು ಡಿಗ್ರಿಯಷ್ಟೇ ಆದರೂ, ಚಿಕ್ಕ ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ರಾತ್ರಿಯ ನಿದ್ದೆಗೆ ಆ ಒಂದೆರಡು ಡಿಗ್ರಿ ದೊಡ್ಡದು. ಕಲ್ಲು ಗುಡ್ಡಗಳ ಬುಡದಲ್ಲಿರುವ ಮನೆಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ನೋಟಕ್ಕೆ ಅವಕ್ಕೆ ಸಾಟಿಯಿಲ್ಲ, ಆದರೆ ಹಗಲೆಲ್ಲ ಕಾದ ಬಂಡೆ ನಡುರಾತ್ರಿಯ ತನಕ ಒಲೆಯಂತೆ ಬಿಸಿ ಬಿಡುತ್ತಿರುತ್ತದೆ. ಅದನ್ನು ತಿಳಿಯಲು ರಾತ್ರಿ ಊಟವಾದ ಮೇಲೆ ಆ ಓಣಿಯಲ್ಲಿ ಒಂದು ಸುತ್ತು ನಡೆದರೆ ಸಾಕು.

ಬಂಡೆಗಳ ನಡುವೆ ಚೇಳೂ ಇರುತ್ತವೆ. ಗುರುಮಠಕಲ್ ಸಮೀಪದ ಕಂದಕೂರಿನಲ್ಲಿ ನಾಗರ ಪಂಚಮಿಯಂದು ಜನ ಗುಡ್ಡ ಹತ್ತಿ, ಕಲ್ಲು ಸರಿಸಿ, ಚೇಳುಗಳನ್ನು ಅಂಗೈ ಮೇಲೆ ಬಿಟ್ಟುಕೊಳ್ಳುವ ಜಾತ್ರೆಯನ್ನು ನೋಡಲು ದೂರದಿಂದ ಜನ ಬರುತ್ತಾರೆ. ನೋಡಿ ಬರುವುದು ಬೇರೆ, ಅಂಥ ಗುಡ್ಡದ ಮಗ್ಗುಲಿನಲ್ಲಿ ತೆವಳುವ ಕೂಸನ್ನು ಬೆಳೆಸುವುದು ಬೇರೆ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹಾವು ಕಡಿತಕ್ಕೆ ಕೊಡುವ ಚುಚ್ಚುಮದ್ದು, ಚೇಳು ಕಡಿತಕ್ಕೆ ಕೊಡುವ ಪ್ರಜೋಸಿನ್ ಮಾತ್ರೆ ಸದಾ ಇರುತ್ತವೆಯೇ ಎಂದು ಅಲ್ಲಿನ ಔಷಧ ವಿತರಕರನ್ನೇ ಕೇಳಿಕೊಳ್ಳಿ.

ಗೋಡೆಯ ಬಿರುಕು

ಈ ಸೀಮೆಯ ಬಹುಭಾಗ ಎರೆ ಭೂಮಿ. ಮಳೆಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಸೀಳುಬಿಡುವ ಈ ಮಣ್ಣು ತೊಗರಿ, ಜೋಳಗಳಿಗೆ ಬಂಗಾರ, ಮನೆಗೆ ಶತ್ರು. ಬುನಾದಿಯನ್ನು ಎರೆ ಮಣ್ಣು ದಾಟಿ ಗಟ್ಟಿ ಗರಸಿನವರೆಗೆ ಇಳಿಸದೆ ಕಟ್ಟಿದ ಮನೆ ನಾಲ್ಕೈದು ವರ್ಷಗಳಲ್ಲಿ ಬಾಯಿಬಿಡುತ್ತದೆ. ಮೇ ತಿಂಗಳಲ್ಲಿ ಹೋಗಿ ಎಂದು ಹೇಳುವುದಕ್ಕೆ ಇದೂ ಒಂದು ಕಾರಣ, ಏಕೆಂದರೆ ಬಿರುಕುಗಳು ಪೂರ್ಣ ತೆರೆದುಕೊಳ್ಳುವುದು ಆಗಲೇ. ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಮೇಲೇರಿದ ಗೆರೆಯನ್ನು ಹುಡುಕಿ. ಕೂದಲೆಳೆಯಷ್ಟಿದ್ದರೆ ಅದು ಬರಿ ಗಿಲಾವಿನ ದೋಷ, ರೂಪಾಯಿ ನಾಣ್ಯದ ಅಂಚು ಒಳಗೆ ಹೋದರೆ ಬುನಾದಿಯದು. ಹೊಸದಾಗಿ ಸುಣ್ಣಬಣ್ಣ ಬಳಿದ ಮನೆಯಾಗಿದ್ದರೆ ಹೊರಗೋಡೆಯನ್ನೂ, ಕಾಂಪೌಂಡನ್ನೂ ನೋಡಿ, ಅಲ್ಲಿಗೆ ಬಣ್ಣದ ದುಡ್ಡು ಸಾಮಾನ್ಯವಾಗಿ ತಲುಪಿರುವುದಿಲ್ಲ. ಬೀದರ್ ಸುತ್ತಲಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಈ ತೊಂದರೆ ಕಡಿಮೆ. ಆ ಕಲ್ಲು ಮಳೆ ನೀರನ್ನು ಸ್ಪಂಜಿನಂತೆ ಹೀರಿ, ಕೆಳಗಿನ ಕರಿಕಲ್ಲಿನ ಪದರ ಮುಟ್ಟಿದಲ್ಲಿ ಝರಿಯಾಗಿ ಬಿಡುತ್ತದೆ. ನರಸಿಂಹ ಝರಣಿ, ಗುರುನಾನಕ್ ಝೀರಾಗಳ ಗುಟ್ಟು ಅದೇ.

ಹೊಳೆಯ ದಂಡೆಯ ಊರುಗಳನ್ನು ಮೆಚ್ಚಿದವರು ಇನ್ನೊಂದು ಗುರುತನ್ನೂ ಹುಡುಕಬೇಕು. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಅಫಜಲಪುರದಿಂದ ಯಾದಗಿರಿಯವರೆಗೆ ದಂಡೆ ಮೀರಿ ಹರಿಯಿತು. ಆಗ ನೀರು ಎಲ್ಲಿಯವರೆಗೆ ಬಂದಿತ್ತೆಂದು ಊರಿನ ಗುಡಿಯ ಪೂಜಾರಿಯನ್ನು ಕೇಳಿದರೆ ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ.

ಸಿಮೆಂಟ್ ಕಾರ್ಖಾನೆಯ ಸಮೀಪದ ಊರುಗಳಲ್ಲಿ ಕೆಲಸವೂ ಇದೆ, ರೈಲೂ ಇದೆ, ಧೂಳೂ ಇರಬಹುದು. ಬೆಳಗಿನ ಜಾವ ಯಾರದಾದರೂ ಅಂಗಳದ ತುಳಸಿ ಎಲೆಯ ಮೇಲೆ ಬೆರಳಾಡಿಸಿ ನೋಡಿ. ಕೈಗಾರಿಕಾ ಪ್ರದೇಶದ ಪಕ್ಕದ ಬಡಾವಣೆಯಾದರೆ ರಾತ್ರಿ ಹತ್ತರ ನಂತರ ಗಾಳಿ ಬೀಸುವ ದಿಕ್ಕಿನಲ್ಲಿ ನಿಂತು ವಾಸನೆ ನೋಡಿ.

ಆಸ್ಪತ್ರೆ, ಶಾಲೆ, ಬಸ್ಸು

ತಾಲ್ಲೂಕು ಆಸ್ಪತ್ರೆ ಹಳೆಯ ತಾಲ್ಲೂಕು ಕೇಂದ್ರಗಳಲ್ಲಿ ಇದೆ. ಪ್ರಶ್ನೆಯಿರುವುದು ಅಲ್ಲಿಂದ ‘ಮುಂದಕ್ಕೆ ಒಯ್ಯಿರಿ’ ಎಂದ ಮೇಲೆ ಎಷ್ಟು ದೂರ ಎಂಬುದರಲ್ಲಿ. ಬೀದರ್, ಕಲಬುರಗಿ, ಯಾದಗಿರಿ ಮೂರರಲ್ಲೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಹೃದಯದ ಚಿಕಿತ್ಸೆಗೆ ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ ಆಸ್ಪತ್ರೆ ಇದೆ. ಭಾಲ್ಕಿಯಿಂದ ಬೀದರ್‌ಗೆ ಸುಮಾರು 40 ಕಿ.ಮೀ., ಶಹಾಪುರದಿಂದ ಯಾದಗಿರಿಗೂ ಹೆಚ್ಚುಕಡಿಮೆ ಅಷ್ಟೇ. ಬಸವಕಲ್ಯಾಣದಿಂದ ಕಲಬುರಗಿಗೂ ಬೀದರ್‌ಗೂ ಸುಮಾರು 80. ಮನೆಯಲ್ಲಿ ಹೃದ್ರೋಗಿಗಳು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಬಸುರಿಯರು ಇದ್ದರೆ ನಾನು ಒಂದು ತಾಸಿನ ಗೆರೆ ಹಾಕುತ್ತೇನೆ: ರಾತ್ರಿ ವಾಹನದಲ್ಲಿ ಒಂದು ತಾಸಿನೊಳಗೆ ಜಿಲ್ಲಾ ಆಸ್ಪತ್ರೆ ಮುಟ್ಟಲಾಗದ ಊರು, ಎಷ್ಟೇ ಚೆಲುವಾಗಿರಲಿ, ಅವರಿಗೆ ಬೇಡ.

ಶಾಲೆಯ ವಿಷಯದಲ್ಲಿ ಗಡಿಸೀಮೆಯ ಭಾಷೆಗಳನ್ನು ಗಮನಿಸಬೇಕು. ಬೀದರ್ ಜಿಲ್ಲೆಯಲ್ಲಿ ಕನ್ನಡದೊಂದಿಗೆ ಮರಾಠಿ, ಉರ್ದು ಮಾಧ್ಯಮದ ಶಾಲೆಗಳೂ ಇವೆ. ಸೇಡಂ, ಚಿಂಚೋಳಿ, ಗುರುಮಠಕಲ್ ಕಡೆ ಪೇಟೆಯ ಮಾತಿನಲ್ಲಿ ತೆಲುಗು ಬೆರೆತಿರುತ್ತದೆ. ಮಕ್ಕಳು ವರ್ಷದೊಳಗೆ ಮೂರು ಭಾಷೆಯಲ್ಲಿ ಜಗಳವಾಡಲು ಕಲಿಯುತ್ತಾರೆ, ಇದನ್ನು ನಾನು ಲಾಭದ ಲೆಕ್ಕಕ್ಕೇ ಬರೆಯುತ್ತೇನೆ. ಶಾಲೆ ನೋಡಲು ಹೋದಾಗ ಕಟ್ಟಡವನ್ನು ನೋಡಿ ಮರುಳಾಗದೆ, ಹತ್ತನೆಯ ತರಗತಿಗೆ ಗಣಿತ, ವಿಜ್ಞಾನ ಶಿಕ್ಷಕರು ಕಾಯಂ ಇದ್ದಾರೆಯೇ, ಪಿಯುಸಿ ವಿಜ್ಞಾನ ಅದೇ ಊರಿನಲ್ಲಿ ಇದೆಯೇ ಎಂದು ಕೇಳಿ. ಪಿಯುಸಿಗೆಂದು ಮಗುವನ್ನು ಹಾಸ್ಟೆಲಿಗೆ ಕಳಿಸಬೇಕಾಗಿ ಬಂದರೆ ಉಳಿಸಿದ ಬಾಡಿಗೆಯೆಲ್ಲ ಅಲ್ಲಿಗೇ ಹೋಗುತ್ತದೆ. ರಾಜ್ಯದೊಳಗಿನ ವರ್ಗಾವಣೆಗೆ ಟಿ.ಸಿ.ಯ ಜೊತೆ ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನೂ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆಯ ಗುರುತಿನ ಸಂಖ್ಯೆ) ಬರೆಸಿಕೊಂಡು ಬನ್ನಿ.

ಹೊರ ಜಿಲ್ಲೆಗಳಿಂದ ಬರುವವರಿಗೆ ಒಂದು ಮಾತು. ಸಂವಿಧಾನದ 371(ಜೆ) ವಿಧಿಯ ಅಡಿ ಇಲ್ಲಿನವರಿಗೆ ಶಿಕ್ಷಣ, ನೌಕರಿಗಳಲ್ಲಿ ದೊರೆಯುವ ಮೀಸಲಾತಿ ಮನೆ ಬದಲಿಸಿದ ಮಾತ್ರಕ್ಕೆ ಯಾರಿಗೂ ಬರುವುದಿಲ್ಲ. ಅದಕ್ಕೆ ಅರ್ಹತಾ ಪ್ರಮಾಣಪತ್ರ ಬೇಕು. ‘ಇಲ್ಲಿ ಪ್ಲಾಟ್ ತಗೊಂಡರೆ ಮಕ್ಕಳಿಗೆ ಸೀಟು ಸಿಗುತ್ತದೆ’ ಎನ್ನುವ ಏಜೆಂಟರ ಮಾತಿಗೆ ಮರುಳಾಗದೆ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಬಸ್ ನಿಲ್ದಾಣದಲ್ಲಿ ಕುಳಿತು ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ತಿಳಿದುಕೊಳ್ಳಿ. ಮನೆಯ ಹೆಣ್ಣುಮಕ್ಕಳು ಜಿಲ್ಲಾ ಕೇಂದ್ರಕ್ಕೆ ಕೆಲಸಕ್ಕೋ ಕಾಲೇಜಿಗೋ ಓಡಾಡುವವರಾದರೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಅವರಿಗೆ ಪ್ರಯಾಣ ಉಚಿತ. ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ.

ಊರು ಊರಿನ ಮಾತು

ಬರಿ ಕಣ್ಣಿಗೆ ಅಂಕ ಕೊಡುವುದಾದರೆ ನನ್ನ ಮೊದಲ ಅಂಕ ಸುರಪುರಕ್ಕೆ. ಗುಡ್ಡಗಳ ಬಟ್ಟಲಿನಲ್ಲಿ ಕುಳಿತ ನಾಯಕರ ರಾಜಧಾನಿ, 1858ರ ಹೋರಾಟದ ರಾಜಾ ವೆಂಕಟಪ್ಪ ನಾಯಕರ ಊರು. ಎತ್ತರದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಟೇಲರ್ ಮಂಜಿಲ್, ಕೆಳಗೆ ಇಕ್ಕಟ್ಟಿನ ಹಳೆಯ ಓಣಿಗಳು, ಸಮೀಪದಲ್ಲೇ ಬೋನಾಳ ಕೆರೆಯ ಪಕ್ಷಿಧಾಮ. ಆದರೆ ರೈಲಿಲ್ಲ, ಮೇಲೆ ಹೇಳಿದ ಬಂಡೆಯ ಬಿಸಿ ಇಲ್ಲಿ ಅಕ್ಷರಶಃ ನಿಜ. ಶಹಾಪುರ ಇದಕ್ಕಿಂತ ಚುರುಕಾದ ವ್ಯಾಪಾರದ ಊರು. ಬೆಟ್ಟದ ಸಾಲು ಮಲಗಿದ ಬುದ್ಧನಂತೆ ಕಾಣುವುದನ್ನು ಮಕ್ಕಳಿಗೆ ತೋರಿಸಬಹುದು, ನಾರಾಯಣಪುರದ ಕಾಲುವೆಯಿಂದಾಗಿ ಸುತ್ತ ಭತ್ತದ ಗದ್ದೆಗಳ ಹಸಿರೂ ಇದೆ. ಗದ್ದೆಯಿದ್ದಲ್ಲಿ ಸೊಳ್ಳೆಯೂ ಇರುತ್ತದೆಂಬುದನ್ನು ಮರೆಯದೆ ಕಿಟಕಿಗಳಿಗೆ ಜಾಲರಿ ಹಾಕಿಸಬೇಕು.

ಚಿಂಚೋಳಿಯದು ಕಾಡಿನ ಚೆಲುವು. ಕುಂಚಾವರಂ ಅರಣ್ಯ, ಚಂದ್ರಂಪಳ್ಳಿ ಜಲಾಶಯ, 2011ರಲ್ಲಿ ಘೋಷಣೆಯಾದ ವನ್ಯಜೀವಿ ಧಾಮ, ಇವೆಲ್ಲ ಬಯಲುಸೀಮೆಯವರಿಗೆ ನಂಬಲಾಗದಷ್ಟು ಹತ್ತಿರ. ಪೇಟೆ ಚಿಕ್ಕದು, ರೈಲು ಬೇಕಾದರೆ ತೆಲಂಗಾಣದ ತಾಂಡೂರಿಗೆ ಹೋಗಬೇಕು, ಕಲಬುರಗಿ ದೂರ. ಮನೆಯಿಂದಲೇ ಕೆಲಸ ಮಾಡುವ, ಆರೋಗ್ಯವಂತ, ಚಿಕ್ಕ ಸಂಸಾರಕ್ಕೆ ಸರಿ. ನಮ್ಮಂತೆ ಹಿರಿಯರನ್ನು ಕಟ್ಟಿಕೊಂಡವರಿಗೆ ಅಲ್ಲ.

ಭಾಲ್ಕಿ ನೋಟದಲ್ಲಿ ಹಿಂದೆ, ಸೌಕರ್ಯದಲ್ಲಿ ಮುಂದೆ. ವಿಕಾರಾಬಾದ್–ಪರಳಿ ಮಾರ್ಗದ ರೈಲು ನಿಲ್ದಾಣವಿದೆ, ಸಮೀಪದ ಕರಡ್ಯಾಳದಲ್ಲಿ ಹೆಸರಾಂತ ಗುರುಕುಲವಿದೆ, ತಾಲ್ಲೂಕಿನಲ್ಲೇ ಕಾರಂಜಾ ಜಲಾಶಯದ ಹಿನ್ನೀರು. ಮಕ್ಕಳ ಓದೊಂದೇ ಗುರಿಯಾದವರು ಹೆಚ್ಚು ಯೋಚಿಸಬೇಕಿಲ್ಲ. ಹುಮನಾಬಾದ್‌ಗೆ 2017ರಲ್ಲಿ ಪೂರ್ಣಗೊಂಡ ಬೀದರ್–ಕಲಬುರಗಿ ರೈಲು ಮಾರ್ಗವೂ, ಪುಣೆ–ಹೈದರಾಬಾದ್ ಹೆದ್ದಾರಿಯೂ ಇವೆ. ಓಡಾಟದ ವೃತ್ತಿಯವರಿಗೆ ಅನುಕೂಲ, ಚೆಲುವನ್ನು ಹುಡುಕಿ ಹೋಗುವ ಊರಲ್ಲ.

ನಾವು ಕೊನೆಗೆ ನಿಂತದ್ದು ಬಸವಕಲ್ಯಾಣದಲ್ಲಿ. ಚಾಲುಕ್ಯರ ಕೋಟೆ, ತ್ರಿಪುರಾಂತ ಕೆರೆ, ಶರಣರ ಗವಿಗಳು ನಡೆದು ಮುಟ್ಟುವಷ್ಟು ಸಮೀಪ; ಸಂಜೆ ಮಕ್ಕಳು ಕೆರೆಯ ದಂಡೆಯಲ್ಲಿ ಸೈಕಲ್ ತುಳಿಯುತ್ತಾರೆ. ಕೊರತೆಗಳನ್ನೂ ಹೇಳಬೇಕು. ಊರಿಗೆ ರೈಲಿಲ್ಲ, ದೊಡ್ಡಾಸ್ಪತ್ರೆ ನನ್ನದೇ ಒಂದು ತಾಸಿನ ಗೆರೆಯ ಅಂಚಿನಾಚೆ ಬೀಳುತ್ತದೆ, ಹೊಸ ಅನುಭವ ಮಂಟಪದ ಕಾಮಗಾರಿ ಶುರುವಾದಾಗಿನಿಂದ ಪ್ಲಾಟುಗಳಿಗೆ ಹೇಳುವ ದರ ಕೇಳಿದರೆ ನಗು ಬರುತ್ತದೆ. ಅತ್ತೆಯವರು ಒಪ್ಪಿದ್ದು ಕೆರೆಯನ್ನು ನೋಡಿ ಅಲ್ಲ, ಬೇಳೆ ಬೆಂದದ್ದನ್ನು ನೋಡಿ.

ಬಾಡಿಗೆ ಮೊದಲು, ಪ್ಲಾಟ್ ಆಮೇಲೆ

ಊರು ಎಷ್ಟೇ ಹಿಡಿಸಲಿ, ಮೊದಲ ವರ್ಷ ಬಾಡಿಗೆಯಲ್ಲೇ ಇರಿ. ಸಣ್ಣ ಊರುಗಳಲ್ಲಿ ಒಳ್ಳೆಯ ಬಾಡಿಗೆ ಮನೆಗಳಿಗೆ ಫಲಕ ತೂಗುಹಾಕುವುದಿಲ್ಲ. ಕಿರಾಣಿ ಅಂಗಡಿ, ಶಾಲೆಯ ಮಾಸ್ತರರು, ಹಾಲು ಹಾಕುವವರು, ಇವರ ಮೂಲಕ ಕೇಳಿಸಬೇಕು. ಕರಾರು ಪತ್ರದಲ್ಲಿ ನೀರಿನ ಮೂಲ, ಮೋಟರಿನ ದುರಸ್ತಿ ಯಾರದು, ಜೆಸ್ಕಾಂನ ವಿದ್ಯುತ್ ಮೀಟರ್ ಪ್ರತ್ಯೇಕವೇ ಎಂಬ ಮೂರನ್ನು ಬರೆಸಿಕೊಳ್ಳಿ.

ಮುಂದೆ ಕೊಳ್ಳುವ ಯೋಚನೆ ಬಂದರೆ, ಪುರಸಭೆಯ ವ್ಯಾಪ್ತಿಯೊಳಗಿನ ಆಸ್ತಿಗೆ ಇ-ಖಾತಾ, ಪಂಚಾಯಿತಿಯ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಿ. ‘ಎನ್.ಎ. ಆಗ್ತಾ ಇದೆ’ ಎಂದರೆ ಇನ್ನೂ ಆಗಿಲ್ಲ ಎಂದೇ ಅರ್ಥ; ಕೃಷಿಯೇತರ ಪರಿವರ್ತನೆಯ ಆದೇಶದ ಪ್ರತಿಯನ್ನೂ, ಬಡಾವಣೆಯ ಅನುಮೋದಿತ ನಕ್ಷೆಯನ್ನೂ ಕೈಯಲ್ಲಿ ಹಿಡಿದು, ಪಹಣಿಯ ಸರ್ವೆ ನಂಬರಿನೊಂದಿಗೆ ತಾಳೆ ನೋಡಿ, ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿದ ಮೇಲೆಯೇ ಸಂಚಕಾರ ಕೊಡಬೇಕು. ಪ್ಲಾಟಿನಲ್ಲಿ ಒಂದಾಳುದ್ದ ಗುಂಡಿ ತೋಡಿಸಿ ಎರೆ ಮಣ್ಣು ಎಷ್ಟು ಅಡಿಗೆ ಮುಗಿಯುತ್ತದೆಂದು ನೋಡುವುದಕ್ಕೆ ಒಂದು ದಿನದ ಕೂಲಿ ಸಾಕು. ಹನ್ನೊಂದು ತಿಂಗಳ ಕರಾರು ಜೂನ್‌ನಲ್ಲಿ ಶುರುವಾದರೆ ಏಪ್ರಿಲ್ ಕೊನೆಗೆ ಮುಗಿಯುತ್ತದೆ. ಅದನ್ನು ನವೀಕರಿಸಿ ಆ ಊರಿನ ಎರಡನೆಯ ಮೇ ತಿಂಗಳನ್ನೂ ಬಾಡಿಗೆ ಮನೆಯಲ್ಲೇ ಕಳೆಯಿರಿ, ಪ್ಲಾಟಿನ ಮಾತನ್ನು ಜೂನ್‌ನಲ್ಲಿ ಎತ್ತಿ.